ಮೈಕ್ ಇಲ್ಲದೆ ಬಂದು ಕೇಳಲಿ

ಕಫ್ರ್ ನವಾರ, ತಂತಾ ಪಟ್ಟಣದ ಹತ್ತಿರ
ಏಪ್ರಿಲ್ ೨೦, ೨೦೧೮

ಮಗನೇ ಹಾತಿಮ್,

ಸಲಾಮ್. ನಿನಗೆ ನನ್ನ ಗುರುತಿಲ್ಲ. ನನಗೆ ನೀನು ಹಲ್ಲು ಮೂಡುವ ಮೊದಲಿನಿಂದ ಗೊತ್ತು. ನನ್ನ ಹೆಸರು ನಬವಿಯ್ಯ, ಊರಲ್ಲಿ ಎಲ್ಲರೂ ಸಾಬಿರನ ತಾಯಿ ಎನ್ನುತ್ತಾರೆ. ಊರ ಶಾಲೆಯಲ್ಲಿ ಮೂರನೇ ತರಗತಿವರೆಗೆ ಕೂತೆ, ಆಮೇಲೆ ಹತ್ತಿ ಬಿಡಿಸಲು ಕಳಿಸಿದರು. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊ, ಮಾತು ನೆಟ್ಟಗಿದೆ.

ನಿನ್ನಪ್ಪ ಇಂಜಿನಿಯರ್ ಸಫ್ವತ್ ನಮ್ಮ ಊರ ಕಾಲುವೆ ನೋಡಿಕೊಳ್ಳಲು ಬಂದಿದ್ದ ಕಾಲ ಅದು. ತೂಬಿನ ಆಚೆ ದಡದಲ್ಲಿ ಅವರ ಸರ್ಕಾರಿ ಮನೆ, ಈಚೆ ದಡದಲ್ಲಿ ನಮ್ಮ ಮನೆ. ನೀನು ಹುಟ್ಟಿದ್ದು ಆ ಸರ್ಕಾರಿ ಮನೆಯಲ್ಲಿ. ನಿನ್ನ ತಾಯಿ ನಾಜ್ಲಿ ಅಮ್ಮಾವ್ರಿಗೆ ಜ್ವರ ಹತ್ತಿ ಹಾಲು ಬತ್ತಿತು. ಅವರು ಹಾಸಿಗೆ ಬಿಟ್ಟು ಏಳುವವರೆಗೆ, ಒಂದು ಇಡೀ ಚಳಿಗಾಲ, ನಿನಗೆ ಎದೆಹಾಲು ಕೊಟ್ಟವಳು ನಾನು. ಹೀಗಾಗಿ ನೀನು ನನ್ನ ಹಾಲುಮಗ. ಇದು ಪ್ರೀತಿಗೆ ಹೇಳುವ ಮಾತಲ್ಲಪ್ಪ, ಧರ್ಮದಲ್ಲಿ ಬರೆದಿರುವ ನಂಟು. ನನ್ನ ಮಗ ಸಾಬಿರ್ ನಿನಗೆ ಅಣ್ಣ. ಅವನ ಮಗಳು ಮರ್ವಳಿಗೆ ನೀನು ಚಿಕ್ಕಪ್ಪ.

ಕಳೆದ ತಿಂಗಳು ಟಿವಿಯಲ್ಲಿ ಯಾರೋ ಹುಡುಗಿ ನಿನ್ನ ಬಾಲ್ಯ ಕೇಳಿದಾಗ, "ನಾನು ಹಾಲೆಂಡಿನ ಡಬ್ಬಿ ಹಾಲಲ್ಲಿ ಬೆಳೆದವನು, ಅದಕ್ಕೇ ಇಷ್ಟು ಬೆಳ್ಳಗಿದೀನಿ" ಎಂದು ನಕ್ಕೆ. ನನ್ನ ಕೈಯಲ್ಲಿದ್ದ ಮುಲೂಖಿಯ್ಯಾ ಸೊಪ್ಪು ಕೈಯಲ್ಲೇ ಉಳಿಯಿತು. ಸುಳ್ಳು ಹೇಳಿದೆ ಎನ್ನುವುದಿಲ್ಲ. ಯಾರೋ ಹೇಳಿಕೊಟ್ಟದ್ದನ್ನು ಹೇಳಿದೆ. ಈಗ ತಿದ್ದಿಕೊ.

ಇಷ್ಟು ವರ್ಷ ಇಲ್ಲದ್ದು ಈಗ ಏಕೆ ಎಂದು ಕೇಳುವೆ. ಹೇಳುತ್ತೇನೆ. ನೀವು ಟಿವಿ ನಟರೆಲ್ಲ ಸೇರಿ 'ಚಿಕ್ಕ ವಿರಾಮ' ಎಂದು ಬ್ಯಾಂಡ್ ಕಟ್ಟಿದ್ದೀರಿ. ಮಕ್ಕಳ ರಕ್ತ ಶುದ್ಧಿ ಮಾಡುವ ಯಂತ್ರಗಳಿಗಾಗಿ ತಂತಾ, ಮನ್ಸೂರಾ, ದುಮ್ಯಾತ್, ಪೋರ್ಟ್ ಸೈದ್ ಊರುಗಳಲ್ಲಿ ಹಾಡುತ್ತೀರಿ. ನಿಮ್ಮ ಬೆನ್ನಿಗೆ ಪಿಟೀಲು ಹಿಡಿದು ಕೂರಲು ಸಂಗೀತ ಕಾಲೇಜಿನಿಂದ ಮಕ್ಕಳನ್ನು ಆರಿಸಿದಿರಲ್ಲ, ಅವರಲ್ಲಿ ನಮ್ಮ ಮರ್ವ ಇದ್ದಾಳೆ. ಸಾಬಿರ್ ಬೇಡ ಎಂದಿದ್ದಾನೆ. ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಒಮ್ಮೆ ಬಿಗಿದ ನಟ್ಟು ಸುಲಭಕ್ಕೆ ಬಿಡುವುದಿಲ್ಲ.

"ನಾಕು ಊರು, ಒಂದೇ ಬಸ್ಸು, ಬಸ್ ತುಂಬ ಗಂಡಸರು," ಎಂದ. "ಅವರು ನನ್ನ ಮಗಳಿಗೆ ಏನಾಗ್ಬೇಕಮ್ಮ?"

"ಅವಳು ಆಡೋಕೆ ಹೋಗ್ತಿಲ್ಲ ಕಣೋ, ಕಾಯಿಲೆ ಮಕ್ಕಳಿಗೋಸ್ಕರ ನುಡಿಸೋಕೆ."

"ನಮ್ಮೋರು ಅಂತ ಒಬ್ಬನಿದ್ರೆ ಕಳಿಸ್ತಿದ್ದೆ. ಇಲ್ವಲ್ಲ."

ಇದ್ದಾನೆ. ಅದೇ ನೀನು. ಹಾಲುತಾಯಿ ನಬವಿಯ್ಯಳಿಗೆ ಎಂದು ಬರೆದು, ನಾನು ಮರ್ವಳ ಚಿಕ್ಕಪ್ಪ, ನನ್ನ ಜೊತೆ ಕಳಿಸಿ ಎಂದು ಒಂದು ಸಾಲು ಹಾಕು. ನಿನ್ನ ಕೈಯಾರೆ ಬರೆ. ಫೋನಿನ ಮಾತನ್ನು ಸಾಬಿರನ ಮುಂದೆ ಹಿಡಿಯಲಾಗುವುದಿಲ್ಲ.

ಒಂದು ವಿಚಿತ್ರ ಹೇಳಲೇ? ನೀನು ಪರದೆಗೆ ಬಂದ ಕೂಡಲೇ ಸಾಬಿರ್ ಎದ್ದು ಹೊರಗೆ ಹೋಗುತ್ತಾನೆ. ನಟರೆಂದರೆ ಆಗದು ಎನ್ನುತ್ತಾನೆ. ಮಿಕ್ಕ ನಟರೆಲ್ಲ ಬಂದಾಗ ಕೂತೇ ಇರುತ್ತಾನೆ.

ನಿನ್ನ ಹಾಲುತಾಯಿ
ನಬವಿಯ್ಯ


ಕೈರೋ
ಮೇ ೬, ೨೦೧೮

ಪ್ರಿಯ ಅಭಿಮಾನಿಗಳೇ,

ತಮ್ಮ ಪತ್ರ ತಲುಪಿತು. ತಮ್ಮಂಥ ತಾಯಂದಿರ ಹರಕೆಯೇ ನನ್ನ ಆಸ್ತಿ. ಈ ರಂಜಾನಿಗೆ ನನ್ನ ಹೊಸ ಧಾರಾವಾಹಿಯನ್ನು ತಪ್ಪದೆ ನೋಡಿರಿ. ಜೊತೆಗೆ ನನ್ನ ಸಹಿ ಇರುವ ಭಾವಚಿತ್ರ ಇಟ್ಟಿದೆ.

ಪ್ರೀತಿಯಿಂದ,
ಹಾತಿಮ್ ಸಫ್ವತ್


ಕಫ್ರ್ ನವಾರ
ಮೇ ೧೨, ೨೦೧೮

ಮಗನೇ,

ನಿನ್ನನ್ನು ಕೇಳಿದೆ, ರಟ್ಟು ಕಳಿಸಿದ್ದೀಯ. ಅಚ್ಚಾದ ಕಾಗದ ಎಂದು ನನಗೂ ತಿಳಿಯುತ್ತದೆ. ಅಕ್ಷರಗಳೆಲ್ಲ ಒಂದೇ ಎತ್ತರ, ಮನುಷ್ಯರ ಕೈ ಹಾಗೆ ಬರೆಯುವುದಿಲ್ಲ. ಪಕ್ಕದ ಮನೆಯ ಇನ್ಸಾಫ್ ನಿನ್ನ ಚಿತ್ರ ನೋಡಿ, "ಓಹೋ, ಸಾಬಿರನ ತಾಯಿಗೆ ನಟ ಮಗ ಸಿಕ್ಕಿದ. ನಂಗೂ ಒಬ್ಬ ಮಂತ್ರಿ ಸಿಗ್ತಾನಾ ನೋಡೇ" ಎಂದಳು. ಇಡೀ ಬೀದಿಗೆ ಎರಡು ದಿನ ನಗಲು ಅಷ್ಟು ಸಾಕಾಯಿತು. ನಾನು ನಕ್ಕಿಲ್ಲ. ಚಿತ್ರವನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟಿದ್ದೇನೆ. ನೀನು ಒಳ್ಳೆಯವನಾದ ದಿನ ಗೋಡೆಗೆ ಹಾಕುತ್ತೇನೆ.

ನನ್ನ ಕಾಗದ ನಿನ್ನ ಕೈಗೆ ಸಿಕ್ಕಿಲ್ಲ ಎಂದುಕೊಂಡು ಮತ್ತೆ ಹೇಳುತ್ತೇನೆ. ನಾನು ಅಭಿಮಾನಿ ಅಲ್ಲ. ನಿನ್ನ ಧಾರಾವಾಹಿ ನೋಡುತ್ತೇನೆ, ಆದರೆ ಅಳುವಾಗ ನೀನು ಕಣ್ಣು ಉಜ್ಜುವುದು ಅತಿಯಾಯಿತು. ನನಗೆ ಬೇಕಾದದ್ದು ಒಂದು ಸಾಲು. ಮರ್ವ ದಿನಾ ಅಪ್ಪ ಕೆಲಸಕ್ಕೆ ಹೋದ ಮೇಲೆ ಕದ ಮುಚ್ಚಿಕೊಂಡು ನಿಮ್ಮ ಹಾಡುಗಳನ್ನು ಅಭ್ಯಾಸ ಮಾಡುತ್ತಾಳೆ. ಕರೆಯದ ಮದುವೆಗೆ ಹೊಸ ಬಟ್ಟೆ ಉಟ್ಟು ಕೂತ ಹಾಗಿದೆ ಅವಳ ಪಾಡು. ಕಾಲೇಜಿನವರು ಅವಳ ಕುರ್ಚಿಯನ್ನು ಇನ್ನೊಬ್ಬಳಿಗೆ ಕೊಡದೆ ಕಾಯುತ್ತಿದ್ದಾರೆ. ಎಷ್ಟು ದಿನ ಕಾದಾರು?

ನಿನಗೆ ಸಾಕ್ಷಿ ಬೇಕೆಂದರೆ ಸಾಕ್ಷಿಯೂ ಇದೆ. ನಿನ್ನನ್ನು ತೂಬಿನ ಸೇತುವೆ ಮೇಲೆ ದಿನಾ ಎತ್ತಿಕೊಂಡು ನನ್ನ ಹತ್ತಿರ ತರುತ್ತಿದ್ದವನು ಸಾಬಿರ್. ಆಗ ಅವನು ಶಾಲೆಗೆ ಹೋಗುವ ಹುಡುಗ. ಆದರೆ ಆ ಚಳಿಗಾಲದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಅದಕ್ಕೇ ನಿನಗೆ ಬರೆಯುತ್ತಿರುವುದು.

ನಬವಿಯ್ಯ


ಕೈರೋ
ಮೇ ೨೮, ೨೦೧೮

ಹಾಜಮ್ಮನವರಿಗೆ ನಮಸ್ಕಾರ.

ನಿಮ್ಮ ಕಷ್ಟವನ್ನು ಕಚೇರಿಯವರು ನನಗೆ ತಿಳಿಸಿದರು. ಈ ಪುಣ್ಯ ಮಾಸದಲ್ಲಿ ನನ್ನ ಕಡೆಯಿಂದ ಚಿಕ್ಕ ಕಾಣಿಕೆ ಸ್ವೀಕರಿಸಿ. ಮೊಮ್ಮಗಳ ಓದಿಗೆ ನೆರವು ಬೇಕಿದ್ದರೆ ನಮ್ಮ ಸಂಸ್ಥೆಯವರು ನೋಡಿಕೊಳ್ಳುತ್ತಾರೆ. ಇದನ್ನು ನೀವು ಬಯಸಿದಂತೆ ಕೈಯಾರೆ ಬರೆದಿದ್ದೇನೆ.

ಹಾತಿಮ್


ಕಫ್ರ್ ನವಾರ
ಜೂನ್ ೨, ೨೦೧೮

ಹಾತಿಮ್ ಸಾಹೇಬರೇ,

ತಮ್ಮ ಪೆಟ್ಟಿಗೆ ಬಂತು. ಎಣ್ಣೆ, ಅಕ್ಕಿ, ಸಕ್ಕರೆ, ಮಕರೋನಿ. ಮೇಲೆ ಹಸಿರು ಅಕ್ಷರದಲ್ಲಿ 'ಬಡವರಿಗೆ ರಂಜಾನ್ ಪೆಟ್ಟಿಗೆ' ಎಂದು ಬರೆದಿತ್ತು. ಲಾರಿಯವನು ಅದನ್ನು ಬೀದಿಯ ನಡುವೆ ಇಳಿಸಿ, ನನ್ನ ಹೆಸರನ್ನು ಎರಡು ಸಲ ಕೂಗಿದ. ಉಪವಾಸದ ಮಧ್ಯಾಹ್ನ, ಎಲ್ಲರೂ ಬಾಗಿಲಲ್ಲೇ ಇದ್ದರು.

ನಾನು ತಮಗೆ ಉಣಿಸಿದೆ ಎಂದು ಬರೆದರೆ, ತಾವು ನನಗೆ ಉಣಿಸಲು ಹೊರಟಿರಿ. ನಮ್ಮ ಮನೆಯಲ್ಲಿ ಎಮ್ಮೆ ಇದೆ, ಒಲೆ ಇದೆ, ದುಡಿಯುವ ಮಗ ಇದ್ದಾನೆ. ಪೆಟ್ಟಿಗೆಯನ್ನು ಮಸೀದಿಯ ಶೇಖ್ ಅವರಿಗೆ ಕೊಟ್ಟೆ, ಯಾರಿಗೆ ಬೇಕೋ ಅವರಿಗೆ ಹಂಚಿದರು. ಸಾಬಿರ್ ಉಪವಾಸ ಬಿಟ್ಟ ಮೇಲೆ ಒಂದೇ ಮಾತು ಕೇಳಿದ.

"ಅವನಿಗೆ ಕಾಗದ ಬರೆದಿದೀಯಾ?"

"ಬರೆದಿದೀನಿ."

"ಯಾಕೆ?"

"ಅವಳಿಗೋಸ್ಕರ."

ಅರ್ಧ ಊಟಕ್ಕೇ ಕೈ ತೊಳೆದು ಎದ್ದ. ತಾವು ಮಾಡಿದ ಉಪಕಾರ ಇಷ್ಟು.

ಈ ಕಾಗದದ ಜೊತೆ ಫತೀರ್ ರೊಟ್ಟಿ ಕಳಿಸಿದ್ದೇನೆ. ಪದರ ಪದರಕ್ಕೂ ಮನೆಯ ಬೆಣ್ಣೆ. ಕೈರೋಗೆ ಹೋಗುವ ಮೈಕ್ರೊಬಸ್ಸಿನವನ ಕೈಯಲ್ಲಿ ಕೊಟ್ಟಿದ್ದೇನೆ. ಇದು ಕಾಣಿಕೆಯಲ್ಲ. ತಾಯಿ ಮನೆಯಿಂದ ಬರುವುದನ್ನು ಹಾಗೆ ಕರೆಯುವುದಿಲ್ಲ. ಕಚೇರಿಯವರಿಗೆ ಕೊಡಬೇಡಿ, ತಾವೇ ತಿನ್ನಿ.

ಸಾಬಿರನ ತಾಯಿ


ಕೈರೋ
ಜೂನ್ ೨೨, ೨೦೧೮

ಸಾಬಿರನ ತಾಯಿಯವರಿಗೆ,

ಮೊದಲು ಕ್ಷಮೆ ಕೇಳುತ್ತೇನೆ. ನಿಮ್ಮ ಮೂರೂ ಕಾಗದಗಳನ್ನು ಫತೀರ್ ಬಂದ ದಿನವೇ ನಾನೇ ಕೂತು ಓದಿದೆ. ಫತೀರನ್ನೂ ನಾನೇ ತಿಂದೆ, ಯಾರಿಗೂ ಕೊಡಲಿಲ್ಲ. ಪೆಟ್ಟಿಗೆಯ ವಿಷಯದಲ್ಲಿ ನಾಚಿಕೆಯಾಗಿದೆ. ಅದರ ಮೇಲೆ ಏನು ಬರೆದಿರುತ್ತದೆ ಎಂದು ನಾನು ಒಮ್ಮೆಯೂ ನೋಡಿದವನಲ್ಲ.

ಆದರೆ ನೀವು ಕೇಳಿದ ಸಾಲನ್ನು ಬರೆಯಲಾರೆ. ಹಬ್ಬದ ದಿನ ಅಮ್ಮನನ್ನು ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ತಪ್ಪು ತಿಳಿಯಬೇಡಿ. "ಕಫ್ರ್ ನವಾರದಲ್ಲಿ ಯಾವ ಹೆಂಗಸೂ ನನ್ನ ಕೋಣೆ ಹೊಸ್ತಿಲು ದಾಟಿ ಬಂದಿಲ್ಲ. ಜ್ವರ ಇತ್ತು ನಿಜ, ಕಣ್ಣಂತೂ ಇತ್ತಲ್ಲ? ನಿಮ್ಮಪ್ಪ ಅಲೆಕ್ಸಾಂಡ್ರಿಯಾದಿಂದ ಡಬ್ಬಿ ತರಿಸಿದ್ರು. ಶೆಲ್ಫಿನ ಮೇಲೆ ಸಾಲಾಗಿ ಇಟ್ಟಿರೋದನ್ನ ಮಲಗಿದಲ್ಲಿಂದ ದಿನಾ ನೋಡ್ತಿದ್ದೆ." ಅಮ್ಮ ಸುಳ್ಳು ಹೇಳುವವರಲ್ಲ. ಅಪ್ಪ ತೀರಿಕೊಂಡು ಎಂಟು ವರ್ಷವಾಯಿತು.

ಹಾಲಿನ ನಂಟು ಎಂದರೆ ಯಾರು ಯಾರನ್ನು ಮದುವೆಯಾಗಬಾರದು ಎಂಬಲ್ಲಿಗೆ ಹೋಗುವ ವಿಷಯ. ಒಂದು ಹುಡುಗಿಯನ್ನು ಬಸ್ಸಿಗೆ ಹತ್ತಿಸಲು ಅದನ್ನು ಬರೆದುಕೊಡುವುದು ಸರಿಯಲ್ಲ ಎಂದು ನಿಮಗೂ ಗೊತ್ತು. ನಿಮ್ಮ ಮಗ ಹೌದು ಎಂದರೆ ನಾನು ತಲೆ ಬಾಗಿಸುತ್ತೇನೆ.

ತಂತಾ ಕಾರ್ಯಕ್ರಮಕ್ಕೆ ಮೊದಲ ಸಾಲಿನ ಟಿಕೆಟ್ ಮೂರು ಇಟ್ಟಿದ್ದೇನೆ. ಬನ್ನಿ.

ಹಾತಿಮ್


ಕಫ್ರ್ ನವಾರ
ಜೂನ್ ೩೦, ೨೦೧೮

ಹಾತಿಮ್,

ಬರುತ್ತೇವೆ. ನನ್ನನ್ನೂ ಮಗಳನ್ನೂ ಇಬ್ಬರೇ ತಂತಾಗೆ ಕಳಿಸುವುದಿಲ್ಲ ಎಂದು ಸಾಬಿರ್ ತಾನೂ ಹೊರಟಿದ್ದಾನೆ. ಮೂರು ಟಿಕೆಟ್ ಕಳಿಸಿದ್ದಕ್ಕೆ ನಿನಗೆ ಬುದ್ಧಿ ಇದೆ ಎಂದು ಒಪ್ಪುತ್ತೇನೆ.

ನಿನ್ನ ತಾಯಿ ಸುಳ್ಳು ಹೇಳಿಲ್ಲ. ನಾನೂ ಹೇಳಿಲ್ಲ. ಅದು ಹೇಗೆ ಎಂದು ಈಗ ಬರೆಯುವುದಿಲ್ಲ. ಸಾಬಿರನನ್ನು ನಾನು ಕೇಳುವುದಿಲ್ಲ. ಅವನು ಹೌದು ಎಂದರೆ ತಾನು ಹಾಕಿದ ಬೇಲಿಯನ್ನು ತಾನೇ ಕಿತ್ತ ಹಾಗೆ, ಇಲ್ಲ ಎಂದರೆ ಹೆತ್ತವಳನ್ನು ಸುಳ್ಳಿ ಎಂದ ಹಾಗೆ. ನೀನು ಕೇಳುವುದಾದರೆ ಕೇಳು. ಆದರೆ ಮೆಲ್ಲಗೆ ಕೇಳು.

ನಬವಿಯ್ಯ


ತಂತಾ
ಜುಲೈ ೧೩, ೨೦೧೮

ಅಮ್ಮ,

ಬಸ್ ಮನ್ಸೂರಾಕ್ಕೆ ಹೊರಡುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ನಿಮ್ಮ ಮಗನನ್ನು ಎದುರಿಗೇ ಕೇಳಿದೆ. ಅವರು ಒಂದು ಮಾತೂ ಆಡದೆ ಎದ್ದು ಹೋದರು. ಇಲ್ಲ ಎಂದು ಬಾಯಿಬಿಟ್ಟು ಹೇಳಿ ನಿಮ್ಮನ್ನು ನೋಯಿಸಲು ಅವರಿಗೆ ಇಷ್ಟವಿರಲಿಲ್ಲ ಎಂದು ನನಗೆ ಅರ್ಥವಾಯಿತು. ನಿಮ್ಮ ನೆನಪು ಎಲ್ಲೋ ಬೇರೆ ಮಗುವಿನ ಜೊತೆ ಬೆರೆತಿರಬಹುದು. ನನಗೆ ಬೇಸರವಿಲ್ಲ. ನಿಜ ಹೇಳಬೇಕೆಂದರೆ, ಅದು ಹೌದಾಗಿದ್ದರೆ ಚೆನ್ನಾಗಿತ್ತು ಎಂದು ನಿನ್ನೆಯಿಂದ ಅನ್ನಿಸುತ್ತಿದೆ.

ಮರ್ವಳ ಕುರ್ಚಿ ನಿನ್ನೆ ಖಾಲಿ ಇತ್ತು. ಮನ್ಸೂರಾದಲ್ಲಿ ಬೇರೆಯವಳನ್ನು ಕೂರಿಸಬೇಕೆಂದು ಕಾಲೇಜಿನವರು ಹೇಳುತ್ತಿದ್ದಾರೆ. ಇಪ್ಪತ್ತನೇ ತಾರೀಕು ಕಾರ್ಯಕ್ರಮ.

ಹಾತಿಮ್


ಕಫ್ರ್ ನವಾರ
ಜುಲೈ ೧೫, ೨೦೧೮

ಹಾತಿಮ್,

ಕುರ್ಚಿಗೆ ಯಾರನ್ನೂ ಕೂರಿಸಬೇಡ. ಮೊದಲು ಇದನ್ನು ಓದು. ಮಸೀದಿಯ ಶೇಖ್ ಅವರ ಮಗ ಮನ್ಸೂರಾಕ್ಕೆ ಹೊರಟಿದ್ದಾನೆ, ಅವನೇ ತಂದು ನಿನ್ನ ಕೈಯಲ್ಲಿಡುತ್ತಾನೆ.

ನೀನು ಮೇಲೆ ದೀಪದ ನಡುವೆ ಇದ್ದವನು, ಕೆಳಗೆ ಏನಾಯಿತೆಂದು ನಿನಗೆ ಕಾಣಲಿಲ್ಲ. ನಾನು ಹೇಳುತ್ತೇನೆ. ನಾವು ಬೇಗ ಹೋಗಿ ಕೂತೆವು. ನನ್ನ ಚೀಲದಲ್ಲಿದ್ದ ಕಲ್ಲಂಗಡಿ ಬೀಜ ನೋಡಿ ಬಾಗಿಲಲ್ಲಿ ಒಬ್ಬ, "ಅಜ್ಜಿ, ಒಳಗೆ ಬೀಜ ತಿನ್ನಂಗಿಲ್ಲ" ಎಂದ. "ನಾನು ಮದುವೆಗಳಿಗೆ ಹೋಗೋಕೆ ಶುರು ಮಾಡಿದಾಗ ನಿಮ್ಮಪ್ಪ ಹುಟ್ಟಿರ್ಲಿಲ್ಲ ಕಣೋ, ಬಿಡು" ಎಂದೆ. ಬಿಟ್ಟ. ಮೊದಲ ಸಾಲಿನಲ್ಲಿ ಒಂದು ಕಡೆ ಡಾಕ್ಟರುಗಳು, ಇನ್ನೊಂದು ಕಡೆ ಆಸ್ಪತ್ರೆಯ ಮಕ್ಕಳು. ನನ್ನ ಪಕ್ಕದಲ್ಲಿ ಕೈಗೆ ಬಿಳಿ ಪಟ್ಟಿ ಸುತ್ತಿದ್ದ ಒಂದು ಹುಡುಗಿ. ನನ್ನ ಬೀಜದಲ್ಲಿ ಪಾಲು ಕೇಳಿದಳು. ಅವಳ ತಾಯಿ ಬೇಡ, ಉಪ್ಪು ಅವಳಿಗಾಗದು ಎಂದಳು. ನಾನು ಚೀಲ ಕಟ್ಟಿ ಕಾಲಡಿ ಇಟ್ಟೆ, ಮತ್ತೆ ತೆಗೆಯಲಿಲ್ಲ. ಬಾಗಿಲಿನವನಿಂದ ಆಗದ್ದು ಅವಳಿಂದಾಯಿತು.

ನಿಮ್ಮ ಬ್ಯಾಂಡು ಬಂತು. ಧಾರಾವಾಹಿಯಲ್ಲಿ ಮನೆ ಮನೆ ಒಡೆಯುವ ಆ ದಪ್ಪ ಮೀಸೆಯವನು ಡ್ರಮ್ ಬಾರಿಸಲು ಕೂತಾಗ ಹಿಂದಿನ ಸಾಲಿನ ಹೆಂಗಸರು ಅವನಿಗೆ ಹಿಡಿಶಾಪ ಹಾಕಿದರು, ಆಮೇಲೆ ಅವನ ತಾಳಕ್ಕೇ ಚಪ್ಪಾಳೆ ತಟ್ಟಿದರು. ರಂಜಾನಿನ ಕೊನೆಯ ವಾರದ ಕಂತಿನಲ್ಲಿ ಗುಂಡೇಟಿಗೆ ಸತ್ತಿದ್ದಳಲ್ಲ, ಆ ಹುಡುಗಿ ಕೀಬೋರ್ಡಿಗೆ ಬಂದಳು. "ಅಯ್ಯ, ಸತ್ತೋಳು ಎಷ್ಟ್ ಚೆನ್ನಾಗಿ ನುಡಿಸ್ತಾಳೆ ನೋಡೇ" ಎಂದು ಯಾರೋ ಅಂದರು. ನಿನ್ನ ಗಂಟಲು ಪರವಾಗಿಲ್ಲ. ಮೂರನೇ ಹಾಡಿನಲ್ಲಿ ಪಲ್ಲವಿಗೆ ತಡವಾಗಿ ಬಂದೆ, ಅದನ್ನು ಮುಚ್ಚಿಕೊಳ್ಳಲು ಕೈ ಮೇಲೆತ್ತಿ ಜನರನ್ನು ಹಾಡಿಸಿದೆ. ಜನ ಖುಷಿಪಟ್ಟರು. ಮರ್ವ ಖುಷಿಪಡಲಿಲ್ಲ.

ಅವಳನ್ನು ನೀನು ನೋಡಬೇಕಿತ್ತು. ನಿಮ್ಮ ಬೆನ್ನಿಗೆ ಪಿಟೀಲಿನವರು ಸಾಲಾಗಿ ಕೂತಿದ್ದರಲ್ಲ, ಆ ಕೊನೆಯ ಖಾಲಿ ಕುರ್ಚಿಯನ್ನು ಬಿಟ್ಟು ಅವಳು ಕಣ್ಣು ತೆಗೆಯಲಿಲ್ಲ. ಎಡಗೈ ಬೆರಳುಗಳು ಅಂಗಿಯ ತೋಳಿನ ಮೇಲೆ ಎಲ್ಲ ಹಾಡುಗಳನ್ನೂ ನುಡಿಸುತ್ತಿದ್ದವು. ನಾನು ನೋಡಿದೆ. ಅವಳ ಆಚೆ ಕೂತಿದ್ದ ಸಾಬಿರನೂ ನೋಡಿದ. ವೇದಿಕೆ ನೋಡುವುದನ್ನು ಬಿಟ್ಟು ಆ ಬೆರಳುಗಳನ್ನೇ ನೋಡುತ್ತಾ ಕೂತ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವನೇ ಬಾಯಿಬಿಡುತ್ತಿದ್ದನೋ ಏನೋ.

ಆಗ ನೀನು ಇಳಿದು ಬಂದೆ. ನಿನ್ನ ಕಾಗದದಲ್ಲಿ ಎದುರಿಗೇ ಕೇಳಿದೆ ಎಂದು ಬರೆದಿದ್ದೀಯ. ಕೈಯಲ್ಲಿ ಮೈಕ್ ಇತ್ತು ಎಂದು ಬರೆದಿಲ್ಲ. ದೀಪ ಪೂರ್ತಿ ಅವನ ಮುಖದ ಮೇಲೆ. "ಸಾಬಿರಣ್ಣ, ನನ್ನನ್ನ ಎತ್ತಿ ಆಡಿಸಿದೋರು ನೀವೇನಾ?" ಎಂದು ಕೇಳಿದೆ, ಅದು ಸಭಾಂಗಣದಲ್ಲೆಲ್ಲ ಮೊಳಗಿತು. ಜನ ಅದೂ ಆಟವೇ ಎಂದುಕೊಂಡು ಹೋ ಎಂದು ನಕ್ಕು ಚಪ್ಪಾಳೆ ಹೊಡೆದರು. ನಾನು ಮೆಲ್ಲಗೆ ಕೇಳು ಎಂದಿದ್ದೆ.

ಅವನು ಎದ್ದು ಹೋದದ್ದು ಅದಕ್ಕೆ. ಇಲ್ಲ ಎನ್ನಲು ಅಲ್ಲ.

ಈಗ ನಾನು ಬರೆಯದೆ ಬಿಟ್ಟದ್ದನ್ನು ಬರೆಯುತ್ತೇನೆ. ನನಗೆ ಹಾಲು ಎಲ್ಲಿಂದ ಬಂತು ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಗಂಡಸರಿಗೆ ಅದು ಹೊಳೆಯುವುದಿಲ್ಲ. ಆ ಚಳಿಗಾಲ ನನಗೂ ಗಂಡು ಮಗುವಾಗಿತ್ತು. ಸಾಬಿರ್ ಅವನನ್ನು ಕಂಕುಳಿಂದ ಇಳಿಸುತ್ತಿರಲಿಲ್ಲ. ನಲವತ್ತು ದಿನ ತುಂಬುವ ಮೊದಲೇ ಮಗು ಹೋಯಿತು. ಅದೇ ವಾರ ಆಚೆ ದಡದಲ್ಲಿ ನೀನು ಹುಟ್ಟಿದೆ.

ಮಗು ಕಳೆದುಕೊಂಡವಳು ಬಾಣಂತಿಯ ಕೋಣೆಗೆ ಕಾಲಿಡಬಾರದು, ಇಟ್ಟರೆ ಬಾಣಂತಿಯ ಹಾಲು ಶಾಶ್ವತವಾಗಿ ಬತ್ತುತ್ತದೆ, ಜೀವಕ್ಕೂ ಕೇಡು ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ನಾನೂ ನಂಬುತ್ತೇನೆ. ಓದಿದ ನಿನ್ನಪ್ಪನೂ ಆ ದಿನ ನಂಬಿದರು. ಸಂಜೆ ನಮ್ಮ ಬಾಗಿಲಿಗೆ ಬಂದು, "ನೀನು ಅಲ್ಲಿಗೆ ಬರಬೇಡಮ್ಮ, ಮಗುವನ್ನೇ ಇಲ್ಲಿಗೆ ಕಳಿಸ್ತೀನಿ. ನಾಜ್ಲಿಗೆ ಗೊತ್ತಾಗೋದು ಬೇಡ, ಸತ್ತ ಮಗುವಿನ ಹಾಲು ಅಂದ್ರೆ ಅವಳು ಹೆದರ್ಕೊಂಡೇ ಹೋಗ್ಬಿಡ್ತಾಳೆ" ಎಂದರು. ಡಬ್ಬಿಗಳನ್ನು ಅವಳ ಕಣ್ಣಿಗೆ ಕಾಣುವ ಹಾಗೆ ಜೋಡಿಸಿಟ್ಟರು. ಹೊಸ್ತಿಲು ಯಾರೂ ದಾಟಲಿಲ್ಲ ಎಂದು ನಿನ್ನ ತಾಯಿ ಹೇಳಿದ್ದು ಅದಕ್ಕೇ ನಿಜ.

ನಿನ್ನನ್ನು ತರಲು ಸಾಬಿರನನ್ನು ಕಳಿಸಿದೆವು. ಬೇರೆ ಯಾರನ್ನು ಕಳಿಸಿದರೂ ಸುದ್ದಿಯಾಗುತ್ತಿತ್ತು. ತಮ್ಮನನ್ನು ಹೊತ್ತ ಕಂಕುಳಲ್ಲೇ ಅವನು ನಿನ್ನನ್ನು ಹೊತ್ತ. ಅವತ್ತಿನಿಂದ ಆ ಮಾತು ನಮ್ಮ ಮನೆಯಲ್ಲಿ ಇಲ್ಲ.

ತಂತಾದಿಂದ ಬಂದ ಮರುದಿನ ಬೆಳಿಗ್ಗೆ ಅವನು ತೂಬಿನ ಕಟ್ಟೆಯ ಮೇಲೆ ಕೂತಿದ್ದ. ಚಹಾ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ನೀರು ನೋಡುತ್ತಲೇ ಹೇಳಿದ.

"ಅವನಿಗೆ ಕತ್ತು ಇನ್ನೂ ಎಡಗಡೆಗೇ ವಾಲತ್ತಮ್ಮ. ಹಾಡೋವಾಗ ನೋಡಿದೆ."

"ಹೂಂ."

"ಬಲಗಡೆ ಎತ್ಕೊಂಡ್ರೆ ಅಳ್ತಿದ್ದ. ಎಡಗಡೆಗೆ ಹಾಕ್ಕೊಂಡ್ರೆ ಸುಮ್ನಾಗ್ತಿದ್ದ."

ಚಹಾ ಲೋಟವನ್ನು ಅವನ ಕೈಗಿಟ್ಟೆ.

"ದಿನಾ ಇಲ್ಲಿಗೆ ಬಂದಾಗ ನಿಂತ್ಕೋತಿದ್ದೆ. ಇವನನ್ನ ನೀರಿಗೆ ಎಸೆದ್ಬಿಡ್ಲಾ ಅನ್ಕೋತಿದ್ದೆ. ತಮ್ಮನ ಹಾಲು ಇವನು ಕುಡೀತಿದಾನೆ ಅಂತ. ದಿನಾ ಅನ್ಕೋತಿದ್ದೆ ಅಮ್ಮ."

"ಎಸೀಲಿಲ್ವಲ್ಲೋ."

"ಒಂದಿನ ಇಲ್ಲೇ ನಿಂತಿದ್ದಾಗ ನನ್ನ ಮುಖ ನೋಡಿ ನಕ್ಕ. ಆಮೇಲಿಂದ ಇಲ್ಲಿ ನಿಲ್ತಾನೇ ಇರ್ಲಿಲ್ಲ, ಓಡ್ತಿದ್ದೆ." ಲೋಟ ಖಾಲಿ ಮಾಡಿ ಕೆಳಗಿಟ್ಟ. "ಆಮೇಲೆ ಅವರು ಕೈರೋಗೆ ಹೋಗ್ಬಿಟ್ರು. ಇವನೂ ಹೋದ."

ನಿನ್ನನ್ನು ಟಿವಿಯಲ್ಲಿ ಕಂಡರೆ ಅವನು ಎದ್ದು ಹೋಗುವುದು ಸಿಟ್ಟಿಗೆ ಎಂದೇ ಇಷ್ಟು ವರ್ಷ ನಾನೂ ತಿಳಿದಿದ್ದೆ ನೋಡು.

ಲೋಟ ಎತ್ತಿಕೊಂಡು ಕೇಳಿದೆ. "ಹಾಗಾದ್ರೆ ಮರ್ವ?"

"ಚಿಕ್ಕಪ್ಪನ ಜೊತೆ ಹೋಗೋಳನ್ನ ಬೇಡ ಅನ್ನೋಕೆ ನಾನ್ಯಾರು? ಹೋಗ್ಲಿ." ಎದ್ದು ಬಟ್ಟೆ ಕೊಡವಿಕೊಂಡ. "ಆದ್ರೆ ಅವನು ಮನೆಗೆ ಬಂದು ಕೇಳ್ಲಿ. ಮೈಕ್ ಇಲ್ದೆ ಬಂದು ಕೇಳ್ಲಿ."

ಇಪ್ಪತ್ತರೊಳಗೆ ಬಾ.

ನಬವಿಯ್ಯ


ಮನ್ಸೂರಾ
ಜುಲೈ ೨೧, ೨೦೧೮

ಅಮ್ಮ,

ಮೊನ್ನೆ ನಿಮ್ಮ ಮನೆಯಲ್ಲಿ ನನಗೆ ಮಾತೇ ಬರಲಿಲ್ಲ, ಅದಕ್ಕೆ ಈಗ ಬರೆಯುತ್ತಿದ್ದೇನೆ. ಮಾತಿನಲ್ಲೇ ಹೊಟ್ಟೆ ಹೊರೆಯುವವನು ನಾನು. ಅಣ್ಣ ತೂಬಿನವರೆಗೆ ನಡೆಸಿಕೊಂಡು ಹೋಗಿ, "ಇಲ್ಲಿ" ಎಂದು ಮಾತ್ರ ಹೇಳಿದರು. ಎಲ್ಲಿ ಏನು ಎಂದು ನಾನು ಕೇಳಲಿಲ್ಲ. ಆಮೇಲೆ ಮರ್ವಳ ಪಿಟೀಲಿನ ಪೆಟ್ಟಿಗೆಯನ್ನು ನನ್ನ ಎಡಗೈಗೆ ಕೊಟ್ಟರು. ಎಡಗೈಗೇ ಏಕೆಂದು ನನಗೆ ಗೊತ್ತಾಯಿತು.

ನಿನ್ನೆ ಅವಳು ಆ ಕುರ್ಚಿಯಲ್ಲಿ ಕೂತಳು. ಎರಡನೇ ಹಾಡಿನ ನಡುವೆ ಅವಳೊಬ್ಬಳೇ ನುಡಿಸುವ ಒಂದು ಭಾಗವಿದೆ. ಅವಳು ಕಣ್ಣು ಮುಚ್ಚಿ ನುಡಿಸಿದಳು, ಡ್ರಮ್ಮಿನವನು ಕೋಲು ಎತ್ತಿ ಹಿಡಿದು ಬಾರಿಸುವುದನ್ನೇ ಮರೆತ. ಮುಗಿದ ಮೇಲೆ ನಾನು ಜನರಿಗೆ ಹೇಳಿದೆ, "ಇವಳು ನಮ್ಮಣ್ಣನ ಮಗಳು." ಈ ಸಲ ಮೈಕಿನಲ್ಲಿ ಹೇಳಲು ಅಣ್ಣನ ಒಪ್ಪಿಗೆ ಮೊದಲೇ ಪಡೆದಿದ್ದೆ. ಹಿಂದಿನ ಬಾಗಿಲ ಹತ್ತಿರ ಅವರು ನಿಂತೇ ಇದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

ನನ್ನ ಹೆತ್ತಮ್ಮನನ್ನೂ ಕೈರೋದಿಂದ ಕರೆಸಿದ್ದೆ. ಕಾರ್ಯಕ್ರಮಕ್ಕೆ ಮೊದಲು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ತಮ್ಮ ಕೈ ನೋಡಿಕೊಳ್ಳುತ್ತಾ ಅಂದರು, "ಆ ಡಬ್ಬಿಗಳು ಖಾಲೀನೇ ಆಗ್ತಿರ್ಲಿಲ್ಲ ಕಣೋ. ನಿಮ್ಮಪ್ಪ ಹೊಸದು ತಂದಿಡ್ತಿದಾರೆ ಅಂದ್ಕೊಂಡಿದ್ದೆ. ನಾನೆಂಥ ದಡ್ಡಿ." ಮರ್ವ ನುಡಿಸುವಾಗ ಅತ್ತರು. ನಾನು ಪರದೆಯ ಮೇಲೆ ಅಳುವ ಹಾಗಲ್ಲ, ಕಣ್ಣು ಉಜ್ಜಿಕೊಳ್ಳಲಿಲ್ಲ.

ನಿಮ್ಮನ್ನು ಒಂದು ಮಾತು ಕೇಳಲು ಹೇಳಿದ್ದಾರೆ. ಆ ಮಗುವಿನ ಹೆಸರೇನಿತ್ತು?

ಮುಂದಿನ ವಾರ ಟಿವಿಯಲ್ಲಿ ಮತ್ತೆ ಮಾತಾಡಲು ಕರೆದಿದ್ದಾರೆ. ಬಾಲ್ಯದ ಮಾತು ಬಂದರೆ ತಿದ್ದಿಕೊಳ್ಳುತ್ತೇನೆ. ಬಾರದಿದ್ದರೆ ನಾನೇ ತರುತ್ತೇನೆ.

ನಿಮ್ಮ ಮಗ
ಹಾತಿಮ್


ಕಫ್ರ್ ನವಾರ
ಜುಲೈ ೨೬, ೨೦೧೮

ಮಗನೇ,

ನಿನ್ನ ಕಾಗದವನ್ನು ಇನ್ಸಾಫಳ ಮುಂದೆ ಎರಡು ಸಲ ಓದಿದೆ. ಎರಡನೇ ಸಲ ಅವಳೇ ಕೇಳಿದ್ದು. ನಿನ್ನ ಚಿತ್ರ ಹಿಟ್ಟಿನ ಡಬ್ಬಿ ಬಿಟ್ಟು ಗೋಡೆಗೆ ಹೋಗಿದೆ. ಮೊಳೆ ಹೊಡೆದವನು ಸಾಬಿರ್. ಸೊಟ್ಟಗೆ ಹೊಡೆದಿದ್ದಾನೆ, ಎಡಗಡೆಗೆ ವಾಲಿದೆ. ಹಾಗೇ ಇರಲಿ ಎಂದೆ.

ಮೂರನೇ ಹಾಡಿನ ಪಲ್ಲವಿಗೆ ಮನ್ಸೂರಾದಲ್ಲೂ ತಡವಾಗಿ ಬಂದೆ ಎಂದು ಮರ್ವ ಹೇಳಿದಳು. ದುಮ್ಯಾತ್‌ನಲ್ಲಿ ಅವಳ ಕಡೆ ನೋಡು, ತಲೆ ಆಡಿಸುತ್ತಾಳೆ, ಆಗ ಶುರು ಮಾಡು. ಚಿಕ್ಕಪ್ಪನಾದವನು ಅಣ್ಣನ ಮಗಳ ಮಾತು ಕೇಳಿದರೆ ಏನೂ ಕಡಿಮೆಯಾಗುವುದಿಲ್ಲ.

ಹೆಸರು ಕೇಳಿದ್ದಾಳೆ ನಿನ್ನ ತಾಯಿ. ಅದನ್ನು ಕಾಗದದಲ್ಲಿ ಬರೆಯುವುದಿಲ್ಲ. ಅವಳ ಮುಖ ನೋಡಿಕೊಂಡೇ ಹೇಳುತ್ತೇನೆ. ಈಗ ಅವಳು ಬಾಣಂತಿಯಲ್ಲ, ನಾನು ಅವಳೆದುರು ಕೂರಬಹುದು. ಪೋರ್ಟ್ ಸೈದ್ ಮುಗಿಸಿ ಇಬ್ಬರೂ ಬನ್ನಿ, ಹಾಲನ್ನ ಮಾಡಿರುತ್ತೇನೆ.

ಬರುವಾಗ ಡಬ್ಬಿ ಗಿಬ್ಬಿ ತರಬೇಡಿ. ಮನೆಯಲ್ಲಿ ಕರೆಯುವ ಎಮ್ಮೆ ಇದೆ.

ನಿನ್ನ ತಾಯಿ
ನಬವಿಯ್ಯ